ಇವತ್ತಿನ ಮನ್ನ ಇವತ್ತಿಗೆ: ಯೆಹೂದ್ಯರಿಂದ ಕಲಿಯುವ ಭರವಸೆಯ ಪಾಠ

(ಯೌವನಸ್ಥರ ಕೂಟದಲ್ಲಿ ಕೊಟ್ಟ ಸಂದೇಶದ ಬರಹರೂಪ. ಓದಬೇಕಾದ ಭಾಗ: ವಿಮೋಚನಕಾಂಡ 16, ಕೀರ್ತನೆ 55, ಮತ್ತಾಯ 6)

 

ಇವತ್ತಿನ ಸಂದೇಶವನ್ನು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ. ಕಳೆದ ವರ್ಷ ಒಂದು ಭಾನುವಾರ, ಆರಾಧನೆ ಮುಗಿದ ಮೇಲೆ ಒಬ್ಬ ತಮ್ಮ ನನ್ನ ಹತ್ತಿರ ಬಂದ. ಅದೇ ವಾರ ಅವನ ಕೆಲಸ ಹೋಗಿತ್ತು. ಮನೆ ಬಾಡಿಗೆ, ಅಪ್ಪನ ಔಷಧಿ, ತಂಗಿಯ ಕಾಲೇಜು ಫೀಸು, ಎಲ್ಲಾ ಅವನೊಬ್ಬನ ಮೇಲೆ. ನಾನು ಅವನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದೆ. ಆಮೇಲೆ ಒಂದು ಮಾತು ಹೇಳಿದೆ: "ಗಟ್ಟಿಯಾಗಿ ನಂಬು, ಒಂದು ತಿಂಗಳೊಳಗೆ ಇದಕ್ಕಿಂತ ದೊಡ್ಡ ಕೆಲಸ ದೇವರು ಕೊಡ್ತಾರೆ." ಅವನು ಆಮೆನ್ ಅಂದ. ನಾನೂ ಆಮೆನ್ ಅಂದೆ.

ಒಂದು ತಿಂಗಳಾಯ್ತು. ಮೂರು ತಿಂಗಳಾಯ್ತು. ಎಂಟನೇ ತಿಂಗಳಲ್ಲಿ ಅವನು ನನ್ನನ್ನು ಕೇಳಿದ: "ಪಾಸ್ಟರ್, ನನ್ನ ನಂಬಿಕೆಯಲ್ಲೇ ಏನಾದ್ರೂ ಕೊರತೆ ಇದ್ಯಾ? ಇಲ್ಲಾ ದೇವರು ನನ್ನನ್ನ ನೋಡ್ತಾನೇ ಇಲ್ವಾ?"

ನನ್ನ ಬಾಯಿ ಕಟ್ಟಿಹೋಯ್ತು. ಯಾಕಂದ್ರೆ ಆ ಒಂದು ತಿಂಗಳ ಗಡುವು ದೇವರು ಕೊಟ್ಟಿದ್ದಲ್ಲ, ನಾನು ಕೊಟ್ಟಿದ್ದು. ನನ್ನ ಮಾತು ಸುಳ್ಳಾದಾಗ ಆ ಹುಡುಗ ದೇವರನ್ನೇ ಸಂಶಯಪಡೋ ಹಾಗಾಯ್ತು. ಇಲ್ಲಿ ಕೂತಿರೋ ಎಷ್ಟೋ ಜನ ಇದೇ ಪ್ರಶ್ನೆಯನ್ನ ಹೊಟ್ಟೆಯಲ್ಲಿಟ್ಟುಕೊಂಡು ಮೇಲೆ ನಗ್ತಾ ಹಾಡ್ತಿದ್ದೀರಿ ಅಂತ ನನಗೆ ಗೊತ್ತು.

ಆ ಪ್ರಶ್ನೆ ಹಿಡಿದುಕೊಂಡು ನಾನು ಕೆಲವು ತಿಂಗಳು ಯೆಹೂದ್ಯ ಗುರುಗಳು ಬರೆದಿಟ್ಟಿರೋದನ್ನ ಓದಿದೆ. ಯಾಕೆ ಯೆಹೂದ್ಯರು? ಕೀರ್ತನೆಗಳು ನಮಗೆ ಬಂದದ್ದು ಅವರ ಮೂಲಕ. ನಮ್ಮ ಕರ್ತನು ಮನುಷ್ಯನಾಗಿ ಹುಟ್ಟಿದ್ದು ಅವರ ಮನೆಯಲ್ಲಿ. ಯೇಸುವಿನ ವಿಷಯದಲ್ಲಿ ಅವರಿಗೂ ನಮಗೂ ಇರುವ ವ್ಯತ್ಯಾಸವನ್ನ ನಾನು ಮುಚ್ಚಿಡೋದಿಲ್ಲ. ಆದರೆ ದೇವರ ಮೇಲೆ ಭರವಸೆ ಇಡೋದು ಹೇಗೆ ಅಂತ ಎರಡು ಸಾವಿರ ವರ್ಷಕ್ಕಿಂತ ಹೆಚ್ಚು ಕಾಲ, ಕಷ್ಟಗಳ ಮಧ್ಯೆ ಕೂತು ಚರ್ಚೆ ಮಾಡಿರೋ ಜನ ಅವರು. ಇವತ್ತು ಗೌರವದಿಂದ ಅವರ ಮಾತು ಕೇಳೋಣ.

1. ಆಮೆನ್ ಅನ್ನೋದು ಒಂದು, ಒರಗೋದು ಇನ್ನೊಂದು

ಇಬ್ರಿಯ ಭಾಷೆಯಲ್ಲಿ ಎರಡು ಪದ ಇವೆ. ಒಂದು 'ಎಮುನಾ', ಅಂದ್ರೆ ನಂಬಿಕೆ. ನಾವು ದಿನಾ ಹೇಳೋ 'ಆಮೆನ್' ಕೂಡ ಅದೇ ಬೇರಿನಿಂದ ಬಂದದ್ದು. ಇನ್ನೊಂದು 'ಬಿಟಾಖೋನ್', ಅಂದ್ರೆ ಭರವಸೆ. ದೇವರಿದ್ದಾರೆ, ಎಲ್ಲವೂ ಆತನ ಕೈಯಲ್ಲಿದೆ ಅಂತ ಒಪ್ಪಿಕೊಳ್ಳೋದು ಎಮುನಾ. ಆ ಒಪ್ಪಿಗೆಯ ಮೇಲೆ ನನ್ನ ಪೂರ್ತಿ ಭಾರ ಬಿಟ್ಟು ಒರಗಿ ಕೂರೋದು ಬಿಟಾಖೋನ್. ಕುರ್ಚಿ ಗಟ್ಟಿಯಾಗಿದೆ ಅಂತ ದೂರದಿಂದ ಹೇಳಬಹುದು. ಕೂತಾಗಲೇ ಅಲ್ವಾ ಅದು ನಮಗೆ ಪ್ರಯೋಜನಕ್ಕೆ ಬರೋದು?

ಒಂದು ಸ್ವಾರಸ್ಯ ನೋಡಿ. ಇವತ್ತು ಇಸ್ರೇಲ್ ದೇಶದಲ್ಲಿ ಇನ್ಶೂರೆನ್ಸಿಗೆ 'ಬಿಟುವಾಖ್' ಅಂತಾರೆ. ಅದೂ ಇದೇ ಬೇರಿನ ಪದ. ಹಾಗಾದ್ರೆ ಪ್ರಶ್ನೆ ಇಷ್ಟೇ: ನಾನು ಒರಗಿರೋದು ಯಾವುದರ ಮೇಲೆ? ಸಂಬಳದ ಮೇಲಾ, ಪಾಲಿಸಿ ಮೇಲಾ, ದೇವರ ಮೇಲಾ?

ಇನ್ನೂ ಒಂದು ಮಾತಿದೆ: 'ಹಶ್ಗಖಾ ಪ್ರಾತಿತ್'. ದೇವರು ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಗಮನಿಸಿ ನೋಡಿಕೊಳ್ಳೋದು ಅಂತ ಇದರ ಅರ್ಥ. ಈ ವಿಷಯದಲ್ಲಿ ಯೆಹೂದ್ಯ ಗುರುಗಳೇ ಒಬ್ಬರಿಗೊಬ್ಬರು ಸಮ್ಮತಿಸಿಲ್ಲ. 12ನೇ ಶತಮಾನದ ದೊಡ್ಡ ಪಂಡಿತ ಮೈಮೊನಿಡಿಸ್ ಹೇಳೋದು ಹೀಗೆ: ಪ್ರಾಣಿಗಳಲ್ಲಿ ದೇವರ ಪಾಲನೆ ಆ ಜಾತಿಗೆ ಒಟ್ಟಾಗಿ ಇದೆ, ಒಂದೊಂದು ಜೀವಿಗೆ ಬೇರೆಯಾಗಿ ಇಲ್ಲ. ಮನುಷ್ಯರಿಗೆ ಮಾತ್ರ ಅದು ವೈಯಕ್ತಿಕ, ಮತ್ತು ಮನುಷ್ಯನ ಬುದ್ಧಿ ದೇವರ ಜ್ಞಾನಕ್ಕೆ ಹತ್ತಿರವಾದಷ್ಟೂ ಆ ಪಾಲನೆಯೂ ಹೆಚ್ಚು. 18ನೇ ಶತಮಾನದಲ್ಲಿ ಪೂರ್ವ ಯೂರೋಪಿನಲ್ಲಿದ್ದ ಬಾಲ್ ಶೇಮ್ ತೋವ್ ಎಂಬ ಗುರು ಬೇರೆ ಥರ ಕಲಿಸಿದರು. ಗಾಳಿಗೆ ಒಂದು ಎಲೆ ಮಗುಚಿದರೂ ಅದು ದೇವರ ಪಾಲನೆಯ ಒಳಗೇ ಅಂದರು. ಎಲೆಯ ವಿಷಯದಲ್ಲಿ ಇಬ್ಬರಿಗೂ ಜಗಳ ಇರಬಹುದು. ಮನುಷ್ಯನ ವಿಷಯದಲ್ಲಿ ಒಬ್ಬರೂ ದೇವರಿಗೆ ಗುಂಪು ಮಾತ್ರ ಕಾಣುತ್ತೆ ಅನ್ನಲಿಲ್ಲ. ಆತನ ಮುಂದೆ ನೀವು ಎಂಪ್ಲಾಯೀ ನಂಬರ್ ಅಲ್ಲ.

2. ದೇವರು ಯಾಕೆ ವರ್ಷಕ್ಕೊಂದೇ ಸಲ ಕೊಡಲಿಲ್ಲ?

ವಿಮೋಚನಕಾಂಡ 16ಕ್ಕೆ ಬನ್ನಿ. ಅರಣ್ಯದಲ್ಲಿ ಜನ ಹಸಿದಿದ್ದಾರೆ. ದೇವರು ಮನ್ನ ಕೊಡ್ತಾರೆ. ಆದ್ರೆ ಹೇಗೆ ಕೊಡ್ತಾರೆ ನೋಡಿ. ತಲೆಗೆ ಒಂದು ಓಮೆರ್, ಆವತ್ತಿನದು ಆವತ್ತಿಗೆ. ನಾಳೆಗೆ ಅಂತ ಎತ್ತಿಟ್ಟವರ ಪಾತ್ರೆಯಲ್ಲಿ ಬೆಳಗಾಗೋದ್ರೊಳಗೆ ಹುಳ ಬಿದ್ದು ನಾತ ಬಂತು. ಆರನೇ ದಿನ ಮಾತ್ರ ಎರಡರಷ್ಟು, ಯಾಕಂದ್ರೆ ಮರುದಿನ ಸಬ್ಬತ್.

ತಾಲ್ಮೂದ್ ಅಂದ್ರೆ ಹಳೇ ರಬ್ಬಿಗಳ ಚರ್ಚೆಗಳ ದೊಡ್ಡ ಸಂಗ್ರಹ. ಅದರಲ್ಲಿ ರಬ್ಬಿ ಶಿಮೋನ್ ಬಾರ್ ಯೋಖಾಯ್ ಅವರ ಶಿಷ್ಯರು ಒಂದು ಪ್ರಶ್ನೆ ಕೇಳ್ತಾರೆ. ದೇವರು ವರ್ಷಕ್ಕೆ ಬೇಕಾದ ಮನ್ನವನ್ನು ಒಂದೇ ಸಲ ಕೊಟ್ಟುಬಿಡಬಹುದಿತ್ತಲ್ಲ, ದಿನಾ ಯಾಕೆ? ಒಳ್ಳೆ ಪ್ರಶ್ನೆ ಅಲ್ವಾ? ನಾವೂ ಅದನ್ನೇ ಕೇಳ್ತೀವಿ: ದೇವರೇ, ಒಂದೇ ಸಲ ಸೆಟಲ್ ಮಾಡಿಬಿಡಿ, ಆಮೇಲೆ ನಿಮ್ಮನ್ನ ತೊಂದರೆ ಪಡಿಸೋದಿಲ್ಲ.

ಅದಕ್ಕೆ ರಬ್ಬಿ ಒಂದು ಕಥೆ ಹೇಳಿದರು. ಒಬ್ಬ ರಾಜನಿಗೆ ಒಬ್ಬ ಮಗ ಇದ್ದ. ರಾಜ ವರ್ಷಕ್ಕೊಮ್ಮೆ ಅವನ ಖರ್ಚಿಗೆ ಕೊಡ್ತಿದ್ದ. ಮಗ ವರ್ಷಕ್ಕೊಮ್ಮೆ ಮಾತ್ರ ಅಪ್ಪನ ಮುಖ ನೋಡೋಕೆ ಬರ್ತಿದ್ದ. ಆಮೇಲೆ ರಾಜ ದಿನಾ ಕೊಡೋಕೆ ಶುರು ಮಾಡಿದ. ಮಗ ದಿನಾ ಬರೋಕೆ ಶುರು ಮಾಡಿದ. ಇಸ್ರಾಯೇಲ್ಯರೂ ಹಾಗೇ. ನಾಲ್ಕೈದು ಮಕ್ಕಳಿರೋ ಮನೆಯಲ್ಲಿ, ನಾಳೆ ಮನ್ನ ಬೀಳದಿದ್ದರೆ ಇವರೆಲ್ಲ ಹಸಿವಿನಿಂದ ಸಾಯ್ತಾರಲ್ಲ ಅನ್ನೋ ಭಯ. ಆ ಭಯವೇ ಅವರ ಹೃದಯವನ್ನು ದಿನಾ ಪರಲೋಕದ ತಂದೆಯ ಕಡೆ ತಿರುಗಿಸ್ತಿತ್ತು.

ನನ್ನ ಹೃದಯಕ್ಕೆ ಈ ಕಥೆ ಚುಚ್ಚಿತು. ನನಗೆ ಬೇಕಾಗಿದ್ದು ಅಪ್ಪನ ಮುಖವೋ, ವರ್ಷದ ಗಂಟೋ?

ಇವತ್ತಿಗೂ ಸಬ್ಬತ್ತಿನ ಊಟಕ್ಕೆ ಯೆಹೂದ್ಯರ ಮನೆಗಳಲ್ಲಿ ಮೇಜಿನ ಮೇಲೆ ಎರಡು ರೊಟ್ಟಿ ಇಡ್ತಾರೆ. ಆರನೇ ದಿನ ಬಿದ್ದ ಎರಡು ಪಾಲು ಮನ್ನದ ನೆನಪಿಗೆ. ಅಂಗಡಿ ಮುಚ್ಚಿದೆ, ಸಂಪಾದನೆ ನಿಂತಿದೆ, ಆದ್ರೂ ಮೇಜಿನ ಮೇಲೆ ಎರಡು ರೊಟ್ಟಿ. ಅವರ ಮಕ್ಕಳು ಬಿಟಾಖೋನ್ ಅಂದ್ರೇನು ಅಂತ ಮೊದಲು ಕಲಿಯೋದು ಪುಸ್ತಕದಿಂದ ಅಲ್ಲ, ಆ ಮೇಜಿನಿಂದ.

ರಬ್ಬಿ ಎಲಿಯೆಜರ್ ಅಂತ ಇನ್ನೊಬ್ಬ ಗುರು. ಬುಟ್ಟಿಯಲ್ಲಿ ಇವತ್ತಿನ ರೊಟ್ಟಿ ಇಟ್ಟುಕೊಂಡು ನಾಳೆ ಏನು ತಿನ್ನಲಿ ಅಂತ ಗೋಳಾಡೋನು ಅಲ್ಪನಂಬಿಕೆಯವನು ಅಂತ ಅವರು ಹೇಳಿದ್ದಾರೆ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಮತ್ತಾಯ 6ರಲ್ಲಿ ಹಕ್ಕಿಗಳನ್ನೂ ಹೂವುಗಳನ್ನೂ ತೋರಿಸಿ ಕರ್ತನು ಶಿಷ್ಯರನ್ನು ಅದೇ ಹೆಸರಿನಿಂದ ಕರೆದರು. ಸುಮಾರು 200ನೇ ಇಸವಿಯ ಹೊತ್ತಿಗೆ ಒಟ್ಟುಗೂಡಿದ ಮಿಷ್ನಾ ಗ್ರಂಥದಲ್ಲೂ ಒಬ್ಬ ರಬ್ಬಿ ಇದೇ ಮಾತಾಡ್ತಾರೆ. ಕಸುಬು ಕಲಿತ ಹಕ್ಕಿಯನ್ನ ಯಾರಾದ್ರೂ ನೋಡಿದ್ದೀರಾ, ಆದ್ರೂ ಅವು ಕಷ್ಟವಿಲ್ಲದೆ ಹೊಟ್ಟೆ ತುಂಬಿಸಿಕೊಳ್ತಾವಲ್ಲ ಅಂತ. ಕರ್ತನು ಬೆಟ್ಟದ ಮೇಲೆ ಕಲಿಸಿದಾಗ, ಆತನ ಜನರಿಗೆ ಪರಿಚಯವಿದ್ದ ಮಾತಿನಲ್ಲೇ ಕಲಿಸಿದರು. ದಿನದ ರೊಟ್ಟಿಯನ್ನು ದಿನಾ ಕೇಳೋಕೆ ಆತನು ಹೇಳಿಕೊಟ್ಟ ಪ್ರಾರ್ಥನೆಯೂ ಮನ್ನದ ಪಾಠವೇ.

3. ಕೆಲಸ ಮಾಡು, ಕೆಲಸವನ್ನು ನಂಬಬೇಡ

ಈಗ ಯಾರಾದ್ರೂ ಕೇಳಬಹುದು: "ಹಾಗಾದ್ರೆ ರೆಸ್ಯೂಮೆ ಕಳಿಸೋದು ಬೇಡ್ವಾ ಪಾಸ್ಟರ್? ಸುಮ್ನೆ ಕೂತು ಪ್ರಾರ್ಥನೆ ಮಾಡಿದ್ರೆ ಸಾಕಾ?"

11ನೇ ಶತಮಾನದಲ್ಲಿ ಸ್ಪೇನ್ ದೇಶದಲ್ಲಿ ಬಖ್ಯಾ ಇಬ್ನ್ ಪಕೂಡಾ ಅನ್ನೋ ರಬ್ಬಿ ಇದ್ದರು. ಅವರು ಅರಬ್ಬಿ ಭಾಷೆಯಲ್ಲಿ 'ಹೃದಯದ ಕರ್ತವ್ಯಗಳು' ಅನ್ನೋ ಪುಸ್ತಕ ಬರೆದರು. ಮುಂದಿನ ಶತಮಾನದಲ್ಲಿ ಅದು ಇಬ್ರಿಯ ಭಾಷೆಗೆ ಬಂತು, ಇವತ್ತಿಗೂ ಯೆಹೂದ್ಯರು ಅದನ್ನ ಓದ್ತಾರೆ. ಅದರಲ್ಲಿ ಹತ್ತು ಭಾಗ, ಅಂದ್ರೆ ಹತ್ತು 'ಬಾಗಿಲು'. ನಾಲ್ಕನೇ ಬಾಗಿಲೇ ಭರವಸೆಯ ಬಾಗಿಲು.

ಆ ಭಾಗದ ಶುರುವಿನಲ್ಲೇ ಅವರು ಒಬ್ಬ ರಸವಾದಿಯನ್ನ ತಂದು ನಿಲ್ಲಿಸ್ತಾರೆ. ಬೇರೆ ಲೋಹವನ್ನ ಚಿನ್ನ ಮಾಡೋ ವಿದ್ಯೆ ಬಲ್ಲವನು. ಅಂಥವನಿಗೆ ಏನು ಚಿಂತೆ ಅಂತೀರಾ? ಅವನಿಗೆ ಚಿಂತೆಯೇ ಜಾಸ್ತಿ. ಬೇಕಾದ ಪದಾರ್ಥಗಳು ಸಿಗಬೇಕು. ಹೊಗೆ ಕುಡಿದು ಪ್ರಾಣಕ್ಕೆ ಅಪಾಯ. ಗುಟ್ಟು ಹೊರಗೆ ಬಿದ್ದರೆ ಕುತ್ತು. ಮಾಡಿಟ್ಟ ಚಿನ್ನವನ್ನ ಯಾರು ಕದೀತಾರೋ ಅನ್ನೋ ಹೆದರಿಕೆ. ದೇವರನ್ನು ಭರವಸವಿಟ್ಟವನು ಹತ್ತು ವಿಷಯಗಳಲ್ಲಿ ಇವನಿಗಿಂತ ಸುಖಿ ಅಂತ ಬಖ್ಯಾ ಎಣಿಸಿ ತೋರಿಸ್ತಾರೆ. ಚಿನ್ನ ಮಾಡೋ ವಿದ್ಯೆ ಗೊತ್ತಿದ್ದವನಿಗೇ ನಿದ್ದೆ ಇಲ್ಲ ಅಂದ್ಮೇಲೆ, ದೊಡ್ಡ ಪ್ಯಾಕೇಜಿನಿಂದ ನಮಗೆ ನಿದ್ದೆ ಬರುತ್ತಾ?

ಆದ್ರೆ ಇದೇ ಬಖ್ಯಾ ಸೋಮಾರಿತನಕ್ಕೆ ಅವಕಾಶ ಕೊಡೋದಿಲ್ಲ. ಮನುಷ್ಯ ತನ್ನ ಕಸುಬು ಮಾಡಲೇಬೇಕು ಅಂತಾರೆ. ಆದರೆ ಅನ್ನ ಈ ಒಂದು ದಾರಿಯಿಂದಲೇ ಬರೋದು, ಇದು ಮುಚ್ಚಿದ್ರೆ ಮುಗೀತು ಅಂತ ತಿಳಿಯಬಾರದು. ಕೊಡೋನು ದೇವರು, ಕೆಲಸ ಒಂದು ಕಾಲುವೆ ಅಷ್ಟೇ. ಒಂದು ಕಾಲುವೆ ಒಣಗಿದರೆ ಇನ್ನೊಂದನ್ನ ತೆರೆಯೋದು ಆತನಿಗೆ ಕಷ್ಟವಾ? ಮನುಷ್ಯನ ಈ ಪ್ರಯತ್ನಕ್ಕೆ ಯೆಹೂದ್ಯರು 'ಹಿಶ್ತದ್ಲುತ್' ಅನ್ನೋ ಹೆಸರು ಕೊಟ್ಟಿದ್ದಾರೆ. ಮನ್ನ ಆಕಾಶದಿಂದ ಬಿದ್ದರೂ ಬೆಳಿಗ್ಗೆ ಎದ್ದು, ಬಗ್ಗಿ ಕೂಡಿಸಿಕೊಳ್ಳಬೇಕಿತ್ತು ಅಲ್ವಾ?

ಇನ್ನೊಂದು ಮಾತು, ಇದನ್ನ ಗಮನವಿಟ್ಟು ಕೇಳಿ. ಕಾಯಿಲೆ ಬಂದಾಗ ದೇವರ ಮೇಲೆ ಭರವಸೆ ಇಡಬೇಕು, ಜೊತೆಗೆ ಎಲ್ಲರ ಹಾಗೆ ಔಷಧಿಯನ್ನೂ ಮಾಡಬೇಕು ಅಂತ ಬಖ್ಯಾ ಬರೀತಾರೆ. ವಿಷ ಕುಡಿದು ದೇವರು ಕಾಯ್ತಾರೆ ಅನ್ನೋದು ಭರವಸೆ ಅಲ್ಲ. ಆದ್ದರಿಂದ ನಂಬಿಕೆಯ ಹೆಸರಲ್ಲಿ ಮಾತ್ರೆ ಬಿಡೋ ತಮ್ಮ ತಂಗಿಯರು ಯಾರಾದ್ರೂ ಇಲ್ಲಿದ್ದರೆ, ಇವತ್ತು ರಾತ್ರಿ ಮಾತ್ರೆ ತಗೊಂಡು, ಪ್ರಾರ್ಥನೆ ಮಾಡಿ ಮಲಗಿ.

4. ರಬ್ಬಿ ಅಕಿವಾ: ಒಂದೇ ಹಾಳೆಯ ಅಂತರ

ಈಗ ಕಷ್ಟವಾದ ಭಾಗಕ್ಕೆ ಬರೋಣ. ತಾಲ್ಮೂದಿನಲ್ಲಿ ರಬ್ಬಿ ಅಕಿವಾ ಅವರ ಒಂದು ಕಥೆ ಇದೆ. ಅವರು ಪ್ರಯಾಣ ಮಾಡ್ತಾ ಒಂದು ಊರಿಗೆ ಬಂದರು. ಯಾರೂ ಮಲಗೋಕೆ ಜಾಗ ಕೊಡಲಿಲ್ಲ. ದೇವರು ಮಾಡೋದೆಲ್ಲ ಒಳ್ಳೇದಕ್ಕೇ ಅಂತ ಹೇಳಿ ಬಯಲಲ್ಲಿ ಮಲಗಿದರು. ಜೊತೆಗೆ ಒಂದು ಕತ್ತೆ, ಒಂದು ಹುಂಜ, ಒಂದು ದೀಪ. ಗಾಳಿ ಬಂದು ದೀಪ ಆರಿಸಿತು. ಬೆಕ್ಕು ಬಂದು ಹುಂಜವನ್ನ ತಿಂತು. ಸಿಂಹ ಬಂದು ಕತ್ತೆಯನ್ನ ತಿಂತು. ಆಗಲೂ ಅದೇ ಮಾತು. ಅದೇ ರಾತ್ರಿ ಸೈನ್ಯವೊಂದು ಬಂದು ಆ ಊರಿನವರನ್ನೆಲ್ಲ ಸೆರೆಹಿಡಿದುಕೊಂಡು ಹೋಯ್ತು. ದೀಪ ಉರೀತಿದ್ದರೆ, ಹುಂಜ ಕೂಗಿದ್ದರೆ, ಕತ್ತೆ ಅರಚಿದ್ದರೆ ಅಕಿವಾ ಕೂಡ ಸಿಕ್ಕಿಬೀಳ್ತಿದ್ದರು.

ಈ ಥರ ಸಾಕ್ಷಿ ನಮಗೆ ಬಹಳ ಇಷ್ಟ. ಬಸ್ ತಪ್ಪಿತು, ಅದೇ ಬಸ್ ಅಪಘಾತವಾಯ್ತು, ದೇವರಿಗೆ ಸ್ತೋತ್ರ! ಸ್ತೋತ್ರ ಸರಿ. ಆದರೆ ಇಲ್ಲಿಗೆ ಪುಸ್ತಕ ಮುಚ್ಚಬೇಡಿ. ಈ ಕಥೆ ಇರೋದು ತಾಲ್ಮೂದಿನ ಬೆರಾಖೋತ್ ಅನ್ನೋ ಭಾಗದ 60ನೇ ಹಾಳೆಯಲ್ಲಿ. ಮುಂದಿನ ಹಾಳೆ, 61, ತಿರುವಿ ನೋಡಿ. ಅಲ್ಲಿ ಅದೇ ಅಕಿವಾ ಅವರನ್ನ ರೋಮನ್ನರು ಕಬ್ಬಿಣದ ಬಾಚಣಿಗೆಗಳಿಂದ ಮೈ ಕೆರೆದು ಕೊಲ್ತಿದ್ದಾರೆ. ತೋರಾ ಕಲಿಸಬಾರದು ಅನ್ನೋ ಆಜ್ಞೆ ಮೀರಿ ಕಲಿಸಿದ್ದೇ ಅವರ ಅಪರಾಧ. ಆವಾಗ ಕರ್ತನು ಒಬ್ಬನೇ ಅಂತ ಸಾರುವ ಶೆಮಾ ಪ್ರಾರ್ಥನೆಯ ಹೊತ್ತು. ಅಕಿವಾ ಆ ಪ್ರಾರ್ಥನೆ ಹೇಳ್ತಿದ್ದಾರೆ. ಶಿಷ್ಯರು ಕೇಳ್ತಾರೆ, ಗುರುಗಳೇ, ಈ ಸ್ಥಿತಿಯಲ್ಲೂನಾ? ಪೂರ್ಣ ಪ್ರಾಣದಿಂದ ದೇವರನ್ನು ಪ್ರೀತಿಸೋ ಆಜ್ಞೆಯನ್ನ ಯಾವಾಗ ನೆರವೇರಿಸ್ತೀನೋ ಅಂತ ಜೀವನ ಪೂರ್ತಿ ಕಾದಿದ್ದೆ, ಈಗ ಸಮಯ ಬಂದಿದೆ ಅನ್ನೋ ಅರ್ಥದ ಉತ್ತರ ಕೊಟ್ಟು, 'ಒಬ್ಬನೇ' ಅನ್ನೋ ಪದವನ್ನ ಎಳೆದು ಹೇಳ್ತಾ ಪ್ರಾಣ ಬಿಟ್ಟರು.

ಪ್ರಿಯರೇ, 60ನೇ ಹಾಳೆಯಲ್ಲಿ ಉಳಿಸಿದ ದೇವರು 61ನೇ ಹಾಳೆಯಲ್ಲಿ ನಿದ್ದೆ ಮಾಡ್ತಿದ್ರಾ? ಅಕಿವಾ ಅವರ ನಂಬಿಕೆ ಒಂದು ಹಾಳೆಯಲ್ಲಿ ಕಡಿಮೆಯಾಯ್ತಾ? ಇಲ್ಲ. ಎರಡು ಹಾಳೆಗಳನ್ನೂ ಹರಿಯದೆ ಒಟ್ಟಿಗೆ ಇಟ್ಟುಕೊಂಡ ಜನ ಅವರು. ಎರಡನೇ ಮಹಾಯುದ್ಧದಲ್ಲಿ ಸುಮಾರು 60 ಲಕ್ಷ ಯೆಹೂದ್ಯರನ್ನ ಕೊಂದರು. ಆಮೇಲೆ ಕೆಲವರು ದೇವರನ್ನ ಬಿಟ್ಟರು, ಕೆಲವರು ಅಳುತ್ತಲೇ ಪ್ರಾರ್ಥನೆ ಮುಂದುವರಿಸಿದರು. ಅದಕ್ಕೆ ನಾನು ವಿವರಣೆ ಕೊಡೋಕೆ ಹೋಗೋದಿಲ್ಲ. ಕೊಟ್ಟರೆ ಯೋಬನ ಸ್ನೇಹಿತರ ಸಾಲಿಗೆ ಸೇರ್ತೀನಿ.

20ನೇ ಶತಮಾನದಲ್ಲಿ ಖಜೋನ್ ಈಶ್ ಅಂತ ಪ್ರಸಿದ್ಧರಾದ ಒಬ್ಬ ರಬ್ಬಿ ಇದ್ದರು, 1953ರಲ್ಲಿ ತೀರಿಕೊಂಡರು. ಭರವಸೆಯ ಬಗ್ಗೆ ಅವರು ಬರೆದ ಪುಸ್ತಕ ಅವರ ಮರಣದ ನಂತರ ಹೊರಬಂತು. ಅದರಲ್ಲಿ ಅವರು ಒಂದು ಹಳೇ ತಪ್ಪನ್ನ ಎತ್ತಿ ತೋರಿಸ್ತಾರೆ. ಭರವಸೆ ಅಂದ್ರೆ ನಾನು ಬಯಸಿದ್ದು ಆಗೇ ಆಗುತ್ತೆ ಅಂತ ನಂಬೋದು, ಅನ್ನೋದೇ ಆ ತಪ್ಪು. ಪ್ರವಾದನೆಯ ಮೂಲಕ ತಿಳಿಸದ ಹೊರತು ಮುಂದೇನಾಗುತ್ತೆ ಅಂತ ಯಾರಿಗೂ ಗೊತ್ತಿಲ್ಲ ಅಂತಾರೆ. ಹಾಗಾದ್ರೆ ಭರವಸೆ ಏನು? ಈ ಲೋಕದಲ್ಲಿ ಆಕಸ್ಮಿಕ ಅನ್ನೋದು ಯಾವುದೂ ಇಲ್ಲ, ನನಗೆ ಬರೋದು ಯಾವುದೂ ಆತನ ಕೈ ತಪ್ಪಿ ಬರೋದಿಲ್ಲ ಅನ್ನೋ ನಿಶ್ಚಯ. ಇದನ್ನ ಒಪ್ಪದ ಯೆಹೂದ್ಯರೂ ಇದ್ದಾರೆ. ಖಬಾದ್ ಪಂಥದ ಗುರುಗಳು, ಒಳ್ಳೇದನ್ನೇ ಯೋಚಿಸು, ಒಳ್ಳೇದೇ ಆಗುತ್ತೆ, ಪೂರ್ಣ ಭರವಸೆಯೇ ದೇವರ ಒಳ್ಳೇತನಕ್ಕೆ ಬಾಗಿಲು ತೆಗೆಯುತ್ತೆ ಅಂತ ಕಲಿಸ್ತಾರೆ. ಆ ಧೈರ್ಯವೂ ನಮಗೆ ಬೇಕು, ನಾವು ಅದ್ಭುತಗಳಿಗಾಗಿ ಪ್ರಾರ್ಥಿಸೋ ಜನ. ಆದ್ರೆ 'ಪ್ರವಾದನೆ ಇಲ್ಲದೆ' ಅನ್ನೋ ಮಾತು ಓದಿದಾಗ ನನಗೆ ಆ ತಮ್ಮನ ಮುಖ ನೆನಪಾಯ್ತು. ದೇವರು ಹೇಳದ ತಾರೀಖನ್ನ ನಾನು ದೇವರ ಹೆಸರಲ್ಲಿ ಹೇಳಿದ್ದೆ.

5. ಒಂಟೆಯ ಮೇಲೆ ಹಾಕಿದ ಗಂಟು

ಇನ್ನೂ ಒಂದು ತಪ್ಪು ಒಪ್ಪಿಕೊಳ್ಳೋದಿದೆ. ಆ ದಿನ ನಾನು ಪ್ರಾರ್ಥನೆ ಮಾಡಿದೆನೇ ಹೊರತು ಅವನಿಗಾಗಿ ಯಾರಿಗೂ ಒಂದು ಫೋನ್ ಮಾಡಲಿಲ್ಲ. ಮೈಮೊನಿಡಿಸ್ ದಾನಧರ್ಮಕ್ಕೆ ಎಂಟು ಮೆಟ್ಟಿಲು ಹೇಳ್ತಾರೆ. ಎಲ್ಲಕ್ಕಿಂತ ಮೇಲಿನದು ಯಾವುದು ಗೊತ್ತಾ? ಬಿದ್ದವನ ಕೈ ಹಿಡಿದು ಸಾಲವನ್ನೋ, ಪಾಲುಗಾರಿಕೆಯನ್ನೋ, ಕೆಲಸವನ್ನೋ ಕೊಟ್ಟು ಅವನು ಇನ್ನೊಬ್ಬರ ಮುಂದೆ ಕೈ ಚಾಚದ ಹಾಗೆ ಮಾಡೋದು. ನನ್ನ ಕಷ್ಟಕ್ಕೆ ನಾನು ದೇವರನ್ನ ನೋಡಬೇಕು. ನನ್ನ ತಮ್ಮನ ಕಷ್ಟಕ್ಕೆ, ದೇವರು ನನ್ನನ್ನ ನೋಡ್ತಿದ್ದಾರೆ.

55ನೇ ಕೀರ್ತನೆಯಲ್ಲಿ ಭಾರವನ್ನ ಕರ್ತನ ಮೇಲೆ ಹಾಕೋ ಮಾತು ಬರುತ್ತೆ. ಅಲ್ಲಿರೋ ಇಬ್ರಿಯ ಪದ 'ಯೆಹಾವ್'. ಅದರ ಅರ್ಥ ಏನು ಅಂತ ರಬ್ಬಿಗಳಿಗೇ ತಿಳಿದಿರಲಿಲ್ಲ ಅಂತ ತಾಲ್ಮೂದ್ ಹೇಳುತ್ತೆ. ಒಂದು ದಿನ ಒಬ್ಬ ರಬ್ಬಿ ಹೆಗಲ ಮೇಲೆ ಹೊರೆ ಹೊತ್ತು ಒಬ್ಬ ಅರಬ್ಬಿ ವ್ಯಾಪಾರಿಯ ಜೊತೆ ನಡೀತಿದ್ದರು. ವ್ಯಾಪಾರಿ ಅವರನ್ನ ನೋಡಿ, ನಿನ್ನ ಯೆಹಾವನ್ನ ತೆಗೆದು ನನ್ನ ಒಂಟೆ ಮೇಲೆ ಹಾಕು ಅಂದ. ಓಹೋ, ಯೆಹಾವ್ ಅಂದ್ರೆ ಹೊರೆ! ಕೀರ್ತನೆಯ ಅರ್ಥ ದಾರಿಯಲ್ಲಿ, ಬೇರೆ ಜನಾಂಗದ ಒಬ್ಬನ ದಯೆಯಿಂದ ತಿಳೀತು.

ಗಮನಿಸಿ, ಒಂಟೆ ಮೇಲೆ ಹೊರೆ ಹಾಕಿದ ತಕ್ಷಣ ಊರು ಬಂದುಬಿಡಲಿಲ್ಲ. ದಾರಿ ಅಷ್ಟೇ ಉದ್ದ, ಬಿಸಿಲು ಅಷ್ಟೇ. ರಬ್ಬಿ ಇನ್ನೂ ನಡೀಬೇಕು. ಆದ್ರೆ ಹೆಗಲು ಹಗುರ, ಜೊತೆಗೆ ಒಬ್ಬರಿದ್ದಾರೆ.

ಆ ತಮ್ಮನಿಗೆ ಹನ್ನೊಂದನೇ ತಿಂಗಳಲ್ಲಿ ಕೆಲಸ ಸಿಕ್ಕಿತು. ಮೊದಲಿಗಿಂತ ಕಡಿಮೆ ಸಂಬಳ, ದಿನಾ ಎರಡು ಬಸ್ ಬದಲಾಯಿಸಬೇಕು. ನಾನು ಕ್ಷಮೆ ಕೇಳಿದೆ. ಅವನು ಹೇಳಿದ: "ಕೆಲಸ ಸಿಕ್ಕಿದ್ದನ್ನ ಸಾಕ್ಷಿ ಅಂತ ಹೇಳ್ಬೇಡಿ ಪಾಸ್ಟರ್. ಹನ್ನೊಂದು ತಿಂಗಳಲ್ಲಿ ಒಂದು ದಿನವೂ ಮನೇಲಿ ಒಲೆ ಹಚ್ಚದೆ ಇರ್ಲಿಲ್ಲ. ಯಾರೋ ಅಕ್ಕಿ ತಂದ್ರು, ಓನರ್ ಅಡ್ವಾನ್ಸಲ್ಲಿ ಮುರ್ಕೊಳ್ತೀನಿ ಅಂದ್ರು, ಅಪ್ಪನ ಮಾತ್ರೆ ಒಂದ್ಸಲವೂ ತಪ್ಪಲಿಲ್ಲ. ಬೇಕಾದ್ರೆ ಅದನ್ನ ಹೇಳಿ." ಆ ಮನೆಗೆ ಮನ್ನ ದಿನಾ ಬೀಳ್ತಿತ್ತು. ನಾನೇ ವರ್ಷದ ಗಂಟಿಗೆ ಕಾಯ್ತಿದ್ದೆ.

ಈ ವಾರಕ್ಕೆ ಮೂರು ಅಭ್ಯಾಸ. ಒಂದು, ಬೆಳಿಗ್ಗೆ ಎದ್ದು ಇವತ್ತಿನ ಅಗತ್ಯವನ್ನ ಮಾತ್ರ ದೇವರಿಗೆ ಹೇಳಿ, ರಾತ್ರಿ ಮಲಗೋ ಮುಂಚೆ ಇವತ್ತು ಬಿದ್ದ ಮನ್ನ ಏನು ಅಂತ ಒಂದು ಸಾಲು ಬರೆದಿಡಿ. ಎರಡು, ವಾರದಲ್ಲಿ ಅರ್ಧ ದಿನವಾದ್ರೂ ಲ್ಯಾಪ್‌ಟಾಪ್ ಮುಚ್ಚಿ, ನೀವಿಲ್ಲದೆಯೂ ಲೋಕ ನಡೆಯುತ್ತೆ ಅನ್ನೋದನ್ನ ಕಲಿಯಿರಿ. ಮೂರು, ಕೆಲಸ ಹುಡುಕ್ತಿರೋ ಒಬ್ಬರಿಗಾಗಿ ಪ್ರಾರ್ಥನೆ ಮಾಡಿ, ಪ್ರಾರ್ಥನೆ ಮುಗಿದ ತಕ್ಷಣ ಅವರಿಗಾಗಿ ಒಂದು ಫೋನ್ ಮಾಡಿ.

ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ. ತಂದೆಯೇ, ಅಬ್ರಹಾಮ ಇಸಾಕ ಯಾಕೋಬರ ದೇವರೇ, ನಮ್ಮನ್ನ ಒಬ್ಬೊಬ್ಬರನ್ನಾಗಿ ನೋಡ್ತಿರೋದಕ್ಕೆ ಸ್ತೋತ್ರ. ನಾಳೆ ಏನಾಗುತ್ತೆ ಅಂತ ನಮಗೆ ಗೊತ್ತಿಲ್ಲ. ನೀವು ಇರ್ತೀರಿ ಅಂತ ಗೊತ್ತು. ಇವತ್ತಿನ ರೊಟ್ಟಿ ಇವತ್ತಿಗೆ ಕೊಡಿ. ನಮ್ಮ ಹೊರೆ ನಿಮ್ಮ ಮೇಲಿಟ್ಟು ನಡೆಯೋ ಹಾಗೆ ಮಾಡಿ, ಪಕ್ಕದವರ ಹೊರೆ ಹೊರೋಕೆ ನಮ್ಮ ಹೆಗಲು ಕೊಡಿ. ಯೇಸುವಿನ ನಾಮದಲ್ಲಿ ಬೇಡ್ತೀವಿ, ಆಮೆನ್.